ಚೆಂಡು ಬಿಟ್ಟುಕೊಡದ ಅಜ್ಜಂಪುರದವರು

೧

ಅಜ್ಜಂಪುರದ ಹುಡುಗರು ಕಡೂರಿಗೆ ಬಂದು ಒಂದು ಪಂದ್ಯ ಆಡಿದರು. ರೆಫರಿ ನಾನು. ಅಜ್ಜಂಪುರ ಹೊಸ ತಾಲ್ಲೂಕು. ಅಲ್ಲಿಯವರೆಗೆ ಫುಟ್‌ಬಾಲಿಗೂ ತರೀಕೆರೆಯ ಬಾಲ. ಅವರ ಕ್ಯಾಪ್ಟನ್ ತರೀಕೆರೆ ತಂಡದಲ್ಲಿ ವರ್ಷಗಟ್ಟಲೆ ಬೆಂಚಿನ ಮೇಲೆ ಕೂತವನು. ಒಂದು ಸಲವೂ ಅವನನ್ನು ಆಟಕ್ಕೆ ಇಳಿಸಿರಲಿಲ್ಲ. ಈಗ ಸ್ವಂತ ತಂಡ ಕಟ್ಟಿದ್ದ. ತರೀಕೆರೆಯನ್ನು ಸೋಲಿಸಬೇಕು, ಅಷ್ಟೇ.

ಉಪಾಯ ಮೊಬೈಲಿನಲ್ಲಿ ನೋಡಿ ಕಲಿತದ್ದು. "ಚೆಂಡು ನಮ್ಮ ಹತ್ರಾನೇ ಇದ್ರೆ ಅವ್ರು ಗೋಲ್ ಹೊಡೆಯೋದು ಹೆಂಗೆ ಸಾರ್?" ಅಂದ. ಮಾತು ಸರಿ.

ಚಿಕ್ಕ ಚಿಕ್ಕ ಪಾಸು. ದಾರಿ ಕಾಣದಿದ್ದರೆ ಹಿಂದಕ್ಕೆ, ಗೋಲ್‌ಕೀಪರಿಗೆ. ಕಡೂರಿನವರು ಚೆಂಡಿನ ಹಿಂದೆ ಓಡಿ ಓಡಿ ಸುಸ್ತಾದರು. ಅವರಲ್ಲೊಬ್ಬ ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನ ಹತ್ತಿರ ಬಂದ.

"ಸಾರ್, ನಮಗೂ ಒಂದು ಚೆಂಡು ಕೊಡ್ಸಿ. ಈ ಕಡೆ ನಾವು ಆಡ್ಕತೀವಿ."

೨

ಆಮೇಲೆ ಅಜ್ಜಂಪುರಕ್ಕೆ ಅವರ ಅಭ್ಯಾಸ ನೋಡಲು ಹೋದೆ. ಮೈದಾನದ ಪಕ್ಕದ ಮನೆಯ ಈರುಳ್ಳಿ ವ್ಯಾಪಾರಿ ಬಂದು ನಿಂತರು. ನನ್ನ ವಯಸ್ಸಿನವರೇ.

"ಗೋಲು ಆ ಕಡೆ ತಾನೆ? ಈ ಕಡೆ ಯಾಕೆ ಒದೀತಾರೆ?"

"ಜಾಗ ಹುಡುಕ್ತಿದಾರೆ."

"ಇಷ್ಟು ದೊಡ್ಡ ಮೈದಾನದಲ್ಲಾ?"

ಮನೆ ಕಡೆ ಹೋದರು. ತಿರುಗಿ ಬಂದಾಗಲೂ ಪಾಸು ನಡೆದೇ ಇತ್ತು.

"ಜಾಗ ಸಿಕ್ತಾ?"

"ಇಲ್ಲ."

"ನಾನು ಹಸು ಕರೆದು, ಡೈರಿಗೆ ಹಾಲೂ ಹಾಕಿ ಬಂದೆ ಕಣ್ರೀ."

೩

ಕೊನೆಗೆ ತರೀಕೆರೆ ಮೈದಾನ. ಊರಿನ ಮರ್ಯಾದೆ ಅಂತ ವ್ಯಾಪಾರಿಯೂ ಬಸ್ಸು ಹತ್ತಿ ಬಂದಿದ್ದರು. ಅಜ್ಜಂಪುರದ ಗೋಲಿನ ಹಿಂದೆ ನಿಂತರು.

ತರೀಕೆರೆಯವರಿಗೆ ಚೆಂಡೇ ಸಿಗಲಿಲ್ಲ. "ಲೇ, ಚೆಂಡಿಗೆ ಖಾತೆ ಮಾಡಿಸ್ಕೊಂಡಿದೀರೇನ್ರೋ?" ಅಂತ ಜನ ರೇಗಿಸಿದರು. ಗೋಲು ಮಾತ್ರ ಎರಡೂ ಕಡೆ ಇಲ್ಲ. ಆಟ ಇನ್ನೇನು ಮುಗಿಯಬೇಕು.

ಅಜ್ಜಂಪುರದ ಗೋಲ್‌ಕೀಪರಿಗೆ ಕೆಲಸವೇ ಇರಲಿಲ್ಲ. ವ್ಯಾಪಾರಿಗೆ ಪಾಪ ಅನ್ನಿಸಿತು.

"ಏನಪ್ಪಾ, ಆಗ್ಲಿಂದ ಸುಮ್ನೆ ನಿಂತಿದೀಯ. ತಗೋ, ಖಾರ ಮಂಡಕ್ಕಿ."

ಹಿರಿಯರು ಕೊಟ್ಟದ್ದು. ಗ್ಲೌಸು ಹಾಕಿಕೊಂಡು ತೆಗೆದುಕೊಳ್ಳುವುದು ಹೇಗೆ? ಎರಡೂ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ. ಹಿಂದಕ್ಕೆ ತಿರುಗಿ ಬೊಗಸೆ ಒಡ್ಡಿದ.

ಅದೇ ಹೊತ್ತಿಗೆ ಕ್ಯಾಪ್ಟನ್ನನ್ನು ಇಬ್ಬರು ಅಡ್ಡಗಟ್ಟಿದರು. ದಾರಿ ಕಾಣಲಿಲ್ಲ. ಕಲಿತ ಪ್ರಕಾರ, ತಿರುಗಿಯೂ ನೋಡದೆ ಹಿಂದಕ್ಕೆ ಪಾಸು ಕೊಟ್ಟ. ಚೆಂಡು ನಿಧಾನವಾಗಿ ಉರುಳಿತು. ಗೋಲ್‌ಕೀಪರ್ ಒಬ್ಬನನ್ನು ಬಿಟ್ಟು ಎಲ್ಲರೂ ನೋಡಿದರು.

ತರೀಕೆರೆ ಒಂದು, ಅಜ್ಜಂಪುರ ಸೊನ್ನೆ. ಅಷ್ಟು ವರ್ಷ ಬೆಂಚಿನ ಮೇಲೆ ಕೂತವನು ತರೀಕೆರೆಗೆ ಹೊಡೆದುಕೊಟ್ಟ ಮೊದಲ ಗೋಲು ಅದು.