ತುಟಿ ಬಿಸಿ ಮಾಡುವ ಕ್ರಮ

ನಾಲ್ಕಕ್ಷರ ಓದಿದವನಿಗೆ ಸುಮ್ಮನಿರಲು ಬರುವುದಿಲ್ಲ. ಶಿಕಾರಿಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು, ಶಬ್ದದ ಬಗ್ಗೆ ವರ್ಷಕ್ಕೊಮ್ಮೆ ಪಾಠ ಮಾಡುತ್ತೇನೆಂಬ ಒಂದೇ ಧೈರ್ಯದ ಮೇಲೆ, ಪಕ್ಕದ ಮನೆಯ ಬ್ಯಾಂಡ್ ಮಾಸ್ಟರ್ ಹಾಲೇಶಪ್ಪನವರ ಹತ್ತಿರ ಟ್ರಂಪೆಟ್ ಕಲಿಯಲು ಹೋದೆ. ತುಟಿ ಅದುರಿದರೆ ಮಾತ್ರ ಅದರಲ್ಲಿ ಸ್ವರ ಹೊರಡುತ್ತದೆ; ಮೂರು ತಿಂಗಳಾದರೂ ನನ್ನ ತುಟಿ ಅದುರಲಿಲ್ಲ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂತೆ 'ಫುಸ್' ಎನ್ನುತ್ತಿತ್ತು, ಅಷ್ಟೆ.

ಹಾಲೇಶಪ್ಪನವರು ಮೂರು ಹಿತ್ತಾಳೆ ವಾದ್ಯ ಊದುತ್ತಾರೆ. ಬೆಳಗ್ಗೆ ತುಟಿ ಬಿಸಿ ಮಾಡಲು ಮೊದಲು ಬರೀ ತುಟಿಯಲ್ಲಿ 'ಬುರ್ರ್', ಆಮೇಲೆ ದಪ್ಪ ದನಿಯ ಯುಫೋನಿಯಂ, ನಂತರ ಟ್ರೊಂಬೋನ್, ಕೊನೆಗೆ ಟ್ರಂಪೆಟ್. "ಊದೋ ಬಾಯಿ ದೊಡ್ಡದ್ರಿಂದ ಸಣ್ಣದಕ್ಕೆ ಬರ್ಬೇಕ್ರೀ ಮೇಷ್ಟ್ರೇ. ಮುಗಿಸೋವಾಗ ಅದೇ ದಾರೀಲಿ ವಾಪಸ್. ಇಲ್ದಿದ್ರೆ ತುಟಿ ಸುಟ್ಟ ಹಪ್ಪಳ ಆಗ್ತದೆ" ಎನ್ನುತ್ತಾರೆ.

ಕಳೆದ ತಿಂಗಳು ಸೊರಬದಲ್ಲೊಂದು ಮದುವೆ. ಬ್ಯಾಂಡಿನ ಇಬ್ಬರು ಜ್ವರದಿಂದ ಮಲಗಿ, ಮೂರೂ ವಾದ್ಯ ಅವರೊಬ್ಬರ ತುಟಿಯ ಪಾಲಿಗೆ ಬಂದಿದ್ದವು. ನಾನು ಪೆಟ್ಟಿಗೆ ಹೊರಲು ಹೋಗಿದ್ದೆ. ಛತ್ರದ ಊಟದ ಮನೆಯ ಪಕ್ಕ ಅವರು 'ಬುರ್ರ್' ಎಂದದ್ದೇ ತಡ, ಮದುಮಗಳ ಸೋದರಮಾವ ಎದ್ದು ಬಂದರು. "ಏನ್ರೀ ಇದು, ಉಪ್ಪಿಟ್ಟು ಗಂಟ್ಲಲ್ಲಿ ಇಳೀತಿಲ್ಲ!" ಗೋಡೆಗಳಿಂದ ಶಬ್ದ ಪ್ರತಿಫಲಿಸುತ್ತದೆ, ಬಯಲೇ ಲೇಸು ಎಂದು ವಿವರಿಸಿ ಮಾಸ್ಟರನ್ನು ಹಿಂದಿನ ಗದ್ದೆಗೆ ಕರೆದೊಯ್ದ ಪುಣ್ಯಾತ್ಮ ನಾನೇ.

ಅಲ್ಲೊಂದು ಎತ್ತು ಮೇಯುತ್ತಿತ್ತು. ಎತ್ತೆಂದುಕೊಂಡದ್ದು ನನ್ನ ವಿದ್ಯೆಯ ಮಿತಿ. ಅದು ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಕೊಬ್ಬರಿ ಹಾರ ಹೊತ್ತು ಜನರ ನಡುವೆ ನುಗ್ಗುವ ಹೋರಿ. ಬ್ಯಾಂಡ್ ಮೊಳಗಿದರೆ ಓಡಬೇಕು ಎಂಬುದಷ್ಟೇ ಅದು ಕಲಿತ ಪಾಠ, ನನ್ನ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಕಲಿತಿತ್ತು.

ಯುಫೋನಿಯಂಗೆ ತಲೆ ಎತ್ತಿತು. ಟ್ರೊಂಬೋನಿಗೆ ಕಿವಿ ನಿಮಿರಿಸಿತು. ಟ್ರಂಪೆಟ್ ಮೇಲಿನ ಸ್ವರ ಮುಟ್ಟಿದ್ದೇ ಗೂಟದ ಸಮೇತ ಹೊರಟಿತು. ಎದುರಿಗಿದ್ದವನು ನಾನು. ಈಗಲೂ ಕಣ್ಣು ಮುಚ್ಚಿದರೆ ಆ ಎರಡು ಕೊಂಬುಗಳ ನಡುವಿನ ಜಾಗ ಸರಿಯಾಗಿ ನನ್ನ ಅಳತೆಯದೇ ಎನಿಸುತ್ತದೆ. ಹೇಗೆ ಹತ್ತಿದೆನೋ, ಹುಲ್ಲಿನ ಬಣವೆಯ ಮೇಲಿದ್ದೆ. ಹೋರಿ ಬಣವೆಯನ್ನೇ ಗುದ್ದತೊಡಗಿತು.

ಹೋರಿಯ ಯಜಮಾನ ಮಂಜಪ್ಪ ಓಡಿಬಂದ. "ಮಾಸ್ಟ್ರೇ, ಒಮ್ಮೆಲೇ ನಿಲ್ಸಬ್ಯಾಡ್ರೀ, ರೇಗ್ತದೆ! ನಿಧಾನ ಇಳ್ಸಿ!"

ಹಾಲೇಶಪ್ಪನವರು ಬಂದ ದಾರಿಯಲ್ಲೇ ಹಿಂದಿರುಗಿದರು. ಟ್ರಂಪೆಟ್, ಟ್ರೊಂಬೋನ್, ಯುಫೋನಿಯಂ. ಪ್ರತಿ ಸಲ ವಾದ್ಯ ಬದಲಿಸುವ ಬಿಡುವಿನಲ್ಲಿ ನನ್ನ ಬಣವೆಗೊಂದು ಗುದ್ದು. ಕೊನೆಗೆ ಬರೀ ತುಟಿಯ 'ಬುರ್ರ್'. ಹೋರಿಯೂ 'ಬುಸ್' ಎಂದು ನಿಂತಿತು. ಮಂಜಪ್ಪ ಹಗ್ಗ ಹಿಡಿದ. "ಆಟ ಅಂದ್ಕಂಡದೆ ಸರ್, ಮನಸ್ಸಿಗೆ ಹಚ್ಕಬ್ಯಾಡಿ."

ನಾನು ಕೆಳಗಿಳಿದು ನಿಂತೆ. ಮಾಸ್ಟರ್ ನನ್ನ ಬಾಯಿಯನ್ನೇ ನೋಡಿದರು. ತುಟಿ ಅದುರುತ್ತಿತ್ತು. "ಮೂರು ತಿಂಗ್ಳಿಂದ ನಾ ಕೇಳಿದ್ದು ಇದನ್ನೇ ಅಲ್ಲೇನ್ರೀ!" ಎಂದವರೇ ನನ್ನ ತುಟಿಗೆ ಟ್ರಂಪೆಟ್ ಇಟ್ಟರು. ನನ್ನ ಬದುಕಿನ ಮೊದಲ ಸ್ವರ ಹೊರಟಿತು. ಎಷ್ಟು ಶುದ್ಧವಾಗಿತ್ತೆಂದರೆ, ಹೋರಿ ಮತ್ತೆ ತಲೆ ಎತ್ತಿತು.

ಮದುವೆಯ ಮೆರವಣಿಗೆ ಅರ್ಧ ಗಂಟೆ ತಡವಾಯಿತು. ಟ್ರಂಪೆಟ್ ನನ್ನೊಂದಿಗೆ ಬಣವೆಯ ಮೇಲಿತ್ತು, ಅದನ್ನು ಬಿಗಿದಪ್ಪಿಕೊಂಡವನು ಇಳಿಯಲು ಒಪ್ಪಲಿಲ್ಲ.