ವಿಷಕನ್ಯೆಗೆ ಬೈಯುವವರು ಬೇಕಾಗಿದ್ದಾರೆ

ಹದಿನೆಂಟು ವರ್ಷ ಕುಸ್ತಿಯ ರಿಂಗಿನಲ್ಲಿ ಬಿದ್ದೂ ಬಿದ್ದೂ ಒಂದು ಉಗುರನ್ನೂ ಮುರಿದುಕೊಳ್ಳದ ಹೆಂಗಸು ಆ ಶನಿವಾರ ಬೆಳಿಗ್ಗೆ ತನ್ನ ಮನೆಯ ಬಚ್ಚಲಿನಲ್ಲಿ ಸವೆದ ಸೋಪಿನ ಚೂರೊಂದರ ಮೇಲೆ ಕಾಲಿಟ್ಟು ಮಣಿಕಟ್ಟು ಮುರಿದುಕೊಂಡಳು. ಸೋಪು ಜಾರಿದ್ದು ಅವಳ ಬಚ್ಚಲಿನಲ್ಲಾದರೂ, ಕಾಲಡಿಯ ನೆಲ ಹೋದದ್ದು ಮೌನಿಗೆ.

ಮೌನಿ ಎನ್ನುವುದು ಮನೆಯವರು ಇಟ್ಟ ಹೆಸರು. ಶಾಲೆಯಲ್ಲಿ ಹಾಜರಿ ಕರೆದಾಗ ಅವಳು ಹೇಳಿದ 'ಹೂಂ' ಮೇಷ್ಟ್ರ ಕಿವಿಗೆ ಮುಟ್ಟದೆ, ಒಂದು ವರ್ಷ ಪೂರ್ತಿ ಮುಂದಿನ ಬೆಂಚಿನಲ್ಲೇ ಕೂತು ಗೈರುಹಾಜರಾದವಳು. ಈಗ ಡಿಗ್ರಿ ಮುಗಿಸಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುತ್ತಿದ್ದಳು. ಅಲ್ಲಿಯೂ ಹೆಚ್ಚು ಮಾತಾಡುವ ಅಗತ್ಯವಿರಲಿಲ್ಲ. ಬರುವವರ ಬಾಯಿ ಊದಿರುತ್ತಿತ್ತು.

ಎಂಟು ತಿಂಗಳ ಹಿಂದೆ ಅವಳು ದಾರಿ ತಪ್ಪಿ ಒಂದು ಕುಸ್ತಿಯ ಆಟಕ್ಕೆ ಹೊಕ್ಕಿದ್ದಳು. ದೊಡ್ಡ ಕಂಪನಿಯದೇನಲ್ಲ, ತಾವೇ ಹಲಗೆ ಹೊತ್ತು, ತಾವೇ ರಿಂಗು ಕಟ್ಟಿ, ತಾವೇ ಒಬ್ಬರನ್ನೊಬ್ಬರು ಎತ್ತಿ ಒಗೆಯುವ ಹತ್ತು ಹನ್ನೆರಡು ಜನರ ಸಣ್ಣ ತಂಡ. ಗೆಲ್ಲುವವರು ಯಾರು, ಸೋಲುವವರು ಯಾರು ಎಂದು ಮೊದಲೇ ಮಾತಾಗಿರುತ್ತದೆ. ಬೀಳುವುದು ಮಾತ್ರ ನಿಜ. ಅಂದು ಕಪ್ಪು ಬಟ್ಟೆಯ ಹೆಂಗಸೊಬ್ಬಳು ಧೊಪ್ಪನೆ ಬಿದ್ದಾಗ ಇಡೀ ಹಾಲ್ ತಿರುಗಿ ನೋಡಿತು. ಮೌನಿ ಮನೆಗೆ ಬಂದು ಡೈರಿಯಲ್ಲಿ ಬರೆದಳು: 'ಬಿದ್ದರೂ ಚಿಂತೆಯಿಲ್ಲ, ಒಮ್ಮೆ ಸದ್ದಾಗುವ ಹಾಗೆ ಬೀಳಬೇಕು.'

ಅಂದಿನಿಂದ ಅಮ್ಮನಿಗೆ ಹೊಲಿಗೆ ಕ್ಲಾಸು ಎಂದು ಹೇಳಿ, ಟೈರ್ ಗೋದಾಮಿನ ಹಿಂದೆ ಆ ತಂಡ ಕಲಿಸುವ ಶೆಡ್ಡಿನಲ್ಲಿ ಅವಳು ಬಿದ್ದಳು. ಗದ್ದ ಎದೆಗೆ ಒತ್ತು, ಉಸಿರು ಬಿಡು, ಎರಡೂ ಕೈ ಚಪ್ಪಟೆಯಾಗಿ ಹಲಗೆಗೆ ಬಡಿ. ದಿನಕ್ಕೆ ಐವತ್ತು ಸಲ ಬಿದ್ದಳು. ರಿಂಗಿನ ಸುತ್ತ ಹಗ್ಗ ಎಂದುಕೊಂಡದ್ದು ಹಗ್ಗವಲ್ಲ, ರಬ್ಬರು ಸುತ್ತಿದ ಉಕ್ಕಿನ ತಂತಿ ಎಂದು ಪಕ್ಕೆಲುಬು ಕಲಿಯಿತು. ಬೆನ್ನು ನಕ್ಷೆಯ ಪುಸ್ತಕದಂತೆ ಬಣ್ಣಬಣ್ಣವಾಯಿತು. "ಹೊಲಿಗೆ ಕಲಿಯೋಕೆ ಹೋದವಳು ಕುಂಟ್ಕೊಂಡು ಯಾಕೆ ಬರ್ತೀಯೇ?" ಎಂದು ಅಮ್ಮ ಕೇಳಿದರೆ, "ಮಿಷನ್ನು ತುಳೀಬೇಕಲ್ಲಮ್ಮ" ಎನ್ನುತ್ತಿದ್ದಳು.

ಆ ಶನಿವಾರ ಬೆಳಿಗ್ಗೆ ಉಸ್ತಾದರ ಫೋನು ಬಂತು. ಕುಸ್ತಿ ಕಲಿಸುವ ಆ ಮನುಷ್ಯನಿಗೆ ಕುತ್ತಿಗೆಯೇ ಇರಲಿಲ್ಲ. ಹೆಗಲ ಮೇಲೆ ತಲೆಯನ್ನು ಯಾರೋ ಇಟ್ಟು ಮರೆತು ಹೋದಂತಿತ್ತು.

"ಇವತ್ತು ಸಂಜೆ ಐದಕ್ಕೆ ನೀನೇ ವಿಷಕನ್ಯೆ ಕಣಮ್ಮ. ಅವಳ ಕೈ ಮುರಿದಿದೆ."

"ನಾನಾ ಉಸ್ತಾದ್?"

"ಯಾರದು ಮಾತಾಡ್ತಿರೋದು? ಏನೂ ಕೇಳಿಸ್ತಿಲ್ಲ."

"ನಾನೇ ಉಸ್ತಾದ್!"

"ಹಾಂ. ನೋಡು, ಬೀಳೋದು ಕಲ್ತಿದೀಯ, ಒಪ್ಕೋತೀನಿ. ಆದ್ರೆ ವಿಷಕನ್ಯೆ ಅಂದ್ರೆ ಕೆಟ್ಟವಳು. ಕೆಟ್ಟವಳಿಗೆ ಜನ ಬೈಬೇಕು. ಬೈದ್ರೇನೇ ಒಳ್ಳೆಯವಳು ಗೆದ್ದಾಗ ಚಪ್ಪಾಳೆ ಬೀಳೋದು. ನಮ್ಮ ಒಲೆಗೆ ಬೈಗುಳವೇ ಸೌದೆ. ಇವತ್ತು ಜನ ನಿನಗೆ ಬೈದ್ರೆ ತಂಡಕ್ಕೆ ಸೇರಿದೆ ಅಂತ ತಿಳ್ಕೊ. ಸುಮ್ನೆ ಕೂತ್ರು ಅಂದ್ರೆ..." ಉಸ್ತಾದ್ ನಿಟ್ಟುಸಿರು ಬಿಟ್ಟರು. "ನಾಳೆಯಿಂದ ಬರೋದು ಬೇಡ ತಾಯಿ. ಎಂಟು ತಿಂಗಳಲ್ಲಿ ನಿನ್ನ ಮೇಲೆ ಒಂದು ಸೊಳ್ಳೆಗೂ ಸಿಟ್ಟು ಬಂದಿಲ್ಲ."

ಮೌನಿ ಕೈಬೆರಳು ಎಣಿಸಿದಳು. ಇಪ್ಪತ್ತಾರು ವರ್ಷದ ಬಾಳಿನಲ್ಲಿ ಅವಳಿಗೆ ಬೈದವರು ಯಾರೂ ಇರಲಿಲ್ಲ. ಬೈಯಲು ಮೊದಲು ಕಣ್ಣಿಗೆ ಬೀಳಬೇಕಲ್ಲ! ಸಂಜೆ ಐದರೊಳಗೆ ಬೈಸಿಕೊಳ್ಳುವ ವಿದ್ಯೆ ಕಲಿಯಬೇಕಿತ್ತು. ಕ್ಲಿನಿಕ್ಕಿನಲ್ಲೇ ಅಭ್ಯಾಸ ಮಾಡೋಣ ಎಂದುಕೊಂಡಳು.

ಮೊದಲ ರೋಗಿ ಬೀದಿಯ ಕೊನೆಯ ಟೈಲರ್ ಮಾವ. ಮೌನಿ ಎದೆ ಗಟ್ಟಿ ಮಾಡಿ, ಹುಬ್ಬು ಗಂಟಿಕ್ಕಿ, "ನಿಮ್ಮ ಬಾಯಿ ನೋಡಿದ್ರೆ ನನಗೆ ವಾಕರಿಕೆ ಬರುತ್ತೆ" ಎಂದಳು.

ಟೈಲರ್ ಮಾವ ಗಾಬರಿಯಾದರು. "ವಾಕರಿಕೆನಾ? ಬೆಳಿಗ್ಗೆ ಏನೂ ತಿಂದಿಲ್ವೇನಮ್ಮ? ಖಾಲಿ ಹೊಟ್ಟೇಲಿ ಕೆಲಸಕ್ಕೆ ಬರ್ತಾರಾ ಯಾರಾದ್ರೂ?" ಎಂದು ಹೊರಗೆ ಓಡಿ, ಎರಡು ಬಾಳೆಹಣ್ಣು ತಂದು ಮೇಜಿನ ಮೇಲಿಟ್ಟರು.

ಎರಡನೆಯದು ಡಾಕ್ಟರ ಮೇಲೆ. ಅವರು ಫೈಲು ಕೇಳಿದಾಗ ಅದನ್ನು ನೆಲಕ್ಕೆ ಎಸೆದು, "ಬೇಕಿದ್ರೆ ನೀವೇ ಎತ್ಕೊಳ್ಳಿ" ಎಂದಳು. ಡಾಕ್ಟರು ಫೈಲು ಎತ್ತಿಕೊಂಡು, "ತಪ್ಪು ನನ್ದೇ. ಮೂರು ವರ್ಷದಿಂದ ನಿನಗೊಂದು ರಜೆ ಕೊಟ್ಟಿಲ್ಲ" ಎಂದು ಕನ್ನಡಕ ಒರೆಸಿಕೊಂಡರು.

ಮೌನಿ ಬಾಳೆಹಣ್ಣಿನ ಎದುರು ಕೂತು ಅತ್ತುಬಿಟ್ಟಳು.

ಅದನ್ನು ನೋಡಿದವಳು ನರ್ಸು. ಅವಳನ್ನು ಎಲ್ಲರೂ ಎಕ್ಸ್‌ರೇ ಎನ್ನುತ್ತಿದ್ದರು. ಮೆಷಿನ್ನು ಮೂಳೆ ತೋರಿಸಿದರೆ ಇವಳು ಹೊಟ್ಟೆಯೊಳಗಿನ ಮಾತನ್ನೂ ಹೊರಗೆ ತೆಗೆಯುತ್ತಿದ್ದಳು. "ಯಾರೇ ಅದು? ಹೆಸರು ಹೇಳು, ಅವನ ಹಲ್ಲು ಇಂಜೆಕ್ಷನ್ನೇ ಇಲ್ದೆ ಕೀಳ್ಸೋಣ" ಎಂದು ಶುರು ಮಾಡಿದವಳು ಹತ್ತೇ ನಿಮಿಷದಲ್ಲಿ ಕುಸ್ತಿ, ಶೆಡ್ಡು, ಸಂಜೆ ಐದು, ಆಟದ ಹಾಲ್‌ನ ವಿಳಾಸ ಎಲ್ಲವನ್ನೂ ಹೊರಗೆಳೆದಳು. ಜನ ಬೈಯಬೇಕೆನ್ನುವ ಮಾತನ್ನು ಮಾತ್ರ ಮೌನಿ ಹೇಳಲಿಲ್ಲ. ಒಬ್ಬರೂ ಬೈಯುವುದಿಲ್ಲ ಎಂದು ಅಳುವುದನ್ನು ಬಾಯಿಬಿಟ್ಟು ಹೇಗೆ ಹೇಳುವುದು?

"ಯಾರಿಗೂ ಹೇಳ್ಬೇಡ ಕಣೇ ಅಕ್ಕ."

"ನಾನಾ? ಛೆ ಛೆ! ನನ್ನ ಬಾಯಿ ಬಾವಿ ಇದ್ದ ಹಾಗೆ."

ಬಾವಿಯೇ ಸರಿ; ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿ ಅದರಿಂದ ನೀರು ಸೇದಿಕೊಂಡಿತ್ತು.

ಸಂಜೆ ಹಾಲ್‌ನ ಪರದೆಯ ಸಂದಿಯಿಂದ ಇಣುಕಿದ ಮೌನಿಯ ಜೀವ ಬಾಯಿಗೆ ಬಂತು. ಅದು ಹಿಂದೆ ಪೀಠೋಪಕರಣ ಮಾರುತ್ತಿದ್ದ ಗೋದಾಮು. ಬಲಗಡೆಯ ಕುರ್ಚಿಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಅಪರಿಚಿತರು. ಎಡಗಡೆ ಮಾತ್ರ ಕಿಕ್ಕಿರಿದಿತ್ತು: ಟೈಲರ್ ಮಾವ, ಡಾಕ್ಟರು, ಎಕ್ಸ್‌ರೇ ಮತ್ತು ಅವಳ ಮೂರು ಜನ ನಾದಿನಿಯರು, ಕೆಳಮನೆಯ ದೊಡ್ಡಮ್ಮ, ಬೀದಿಯ ದೊಡ್ಡವರು ಚಿಕ್ಕವರು. ಅವರೆಲ್ಲರ ನಡುವೆ, ಬಿಸಿನೀರಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅಮ್ಮ.

"ಹೆದರ್ಬೇಡ" ಎಂದು ಪಕ್ಕದಲ್ಲಿದ್ದ, ಬಿಳಿ ಚಿಟ್ಟೆ ಎಂಬ ಹೆಸರಿನಲ್ಲಿ ಆಡುವವಳು ಅವಳ ಕೈ ಕುಲುಕಿದಳು. ರಿಂಗಿನವರ ಕೈಕುಲುಕು ಬೆಣ್ಣೆ ಮುಟ್ಟಿದಷ್ಟು ಮೃದು. 'ನಿನ್ನ ಮೈ ನನ್ನ ಕೈಲಿ ಜೋಪಾನ' ಎಂದು ಅರ್ಥ. ಈ ಚಿಟ್ಟೆಯೇ ಇಂದಿನ ಒಳ್ಳೆಯವಳು. ನಾಲ್ಕನೆಯ ನಿಮಿಷಕ್ಕೆ ಮೌನಿ ಅವಳಿಗೆ ಸೋಲಬೇಕು.

ರಿಂಗಿನ ಪಕ್ಕ ಕೂತವನು ಗಂಟೆ ಬಾರಿಸಿದ. ಕಪ್ಪು ಬಟ್ಟೆ ತೊಟ್ಟು, ಕಪ್ಪು ತುಟಿಬಣ್ಣ ಬಳಿದುಕೊಂಡು ವಿಷಕನ್ಯೆ ರಿಂಗಿಗೆ ಇಳಿದಳು. "ಅದೇ, ಅದೇ! ನಮ್ಮ ಮೌನಿ!" ಎಂದು ಎಡಗಡೆಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳು ಬಿಳಿ ಚಿಟ್ಟೆಯ ಕೂದಲು ಹಿಡಿದು ರಿಂಗಿನ ತುಂಬ ಎಳೆದಾಡಿದಳು. ಆ ವಿದ್ಯೆಯಲ್ಲಿ ಎಳೆಯುವವಳು ಸುಮ್ಮನೆ ಮುಷ್ಟಿ ಇಟ್ಟಿರುತ್ತಾಳೆ, ಎಳೆಸಿಕೊಳ್ಳುವವಳೇ ಆ ಮಣಿಕಟ್ಟು ಹಿಡಿದು ಓಡುತ್ತಾಳೆ. ನೋಡುವವರ ಕರುಳು ಕಿತ್ತು ಬರಬೇಕು.

"ಹಾಗೇ ಎಳಿ ಮಗಳೇ! ಬಿಡ್ಬೇಡ!" ಎಂದು ದೊಡ್ಡಮ್ಮ ಕೂಗಿದರು.

ಬೆನ್ನ ಹಿಂದಿನಿಂದ ಗುದ್ದಿದಳು. "ಭೇಷ್!" ಕಣ್ಣಿಗೆ ಪುಡಿ ಎರಚಿದಳು. "ಎಷ್ಟು ಬುದ್ಧಿ ನೋಡಿ, ಓದಿದ ಹುಡುಗಿ!" ಕೆಳಗೆ ಬಿದ್ದವಳನ್ನು ತುಳಿದಳು. "ತುಳಿಯೋದು ನೋಡಿ, ಹೊಲಿಗೆ ಮಿಷನ್ನು ತುಳಿದ ಕಾಲು!" ಎಂದ ಅಮ್ಮನ ದನಿಯಲ್ಲಿ ಹೆಮ್ಮೆ ಇತ್ತು. ಒಮ್ಮೆ ಬಿಳಿ ಚಿಟ್ಟೆ ತಿರುಗಿ ಒಂದು ಏಟು ಕೊಟ್ಟದ್ದೇ ತಡ, "ಥೂ, ನಾಚಿಕೆ ಇಲ್ವಾ ನಿನಗೆ? ಅನ್ಯಾಯವಾಗಿ ಹೊಡೀತೀಯಲ್ಲ ಆ ಪಾಪದ ಹುಡುಗೀನ!" ಎಂದು ಟೈಲರ್ ಮಾವ ಕುರ್ಚಿ ಹತ್ತಿದರು.

ಮೌನಿ ಹಾಕಿದ ಕುತ್ತಿಗೆ ಪಟ್ಟಿನೊಳಗಿನಿಂದ ಬಿಳಿ ಚಿಟ್ಟೆ ಪಿಸುಗುಟ್ಟಿದಳು: "ಏನೇ ಇದು, ನನಗೆ ಬೈತಿದಾರೆ! ಏನಾದ್ರೂ ಮಾಡು!"

ಪರದೆಯ ಸಂದಿಯಲ್ಲಿ ಉಸ್ತಾದರ ಮುಖ ಕಾಣಿಸಿತು. ಅವರು ಇಲ್ಲದ ಕುತ್ತಿಗೆಯನ್ನು ಅಡ್ಡಡ್ಡ ಆಡಿಸಿ, ಬೆರಳಿನಿಂದ ಬಾಗಿಲು ತೋರಿಸಿದರು.

ಎಂಟು ತಿಂಗಳು, ಐವತ್ತರಂತೆ ದಿನ ದಿನ ಬಿದ್ದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಮೌನಿ ಹಗ್ಗದಾಚೆ ಬಾಗಿ, ಆಟಗಾರರ ಹೆಸರು ಕೂಗುವವನ ಕೈಯಿಂದ ಮೈಕು ಕಸಿದುಕೊಂಡಿದ್ದಳು.

"ಬಾಯಿ ಮುಚ್ರಿ ಎಲ್ಲಾರೂ!"

ಅವಳ ದನಿ ಗೋಡೆಗೆ ಬಡಿದು ಹಿಂದಕ್ಕೆ ಬಂತು. ಇಷ್ಟು ದೊಡ್ಡ ದನಿ ತನ್ನದೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ.

"ಚಪ್ಪಾಳೆ ತಟ್ತೀರಾ? ನೀವ್ಯಾರು ಅಂತ ನನಗೆ ಗೊತ್ತಿಲ್ವಾ? ಆ ಟೈಲರ್! ದಿನಾ ಸಾವಿರ ಸಲ ಸೂಜಿ ಚುಚ್ಚೋನು, ಡಾಕ್ಟರ ಕೈಲಿ ಒಂದು ಸೂಜಿ ನೋಡಿ 'ಅಮ್ಮಾ' ಅಂತ ಮೂರ್ಛೆ ಹೋದ! ಆ ಡಾಕ್ಟರು! ಊರಿಗೆಲ್ಲ ಸಿಹಿ ಬಿಡಿ ಅಂತಾರೆ, ಡ್ರಾಯರ್ ತುಂಬ ಚಾಕೊಲೇಟು!" ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎದುರಿಗೆ ದೊಡ್ಡಮ್ಮ ಬಾಯ್ತುಂಬ ನಗುತ್ತ ಕೂತಿದ್ದರು. "ನಗ್ತಿದಾರಲ್ಲ ಈ ದೊಡ್ಡಮ್ಮ! ಆ ನಗು ಸ್ವಂತದ್ದಲ್ಲ! ರಾತ್ರಿಯಾದ್ರೆ ಅದು ಲೋಟದೊಳಗೆ ಮಲಗುತ್ತೆ!"

ಹಲ್ಲಿನ ಸೆಟ್ಟು ಕೂಡಿಸಿಕೊಳ್ಳಲು ದೊಡ್ಡಮ್ಮ ಬೇರೆ ಯಾರೂ ಬರುವ ಮುಂಚೆ ಕ್ಲಿನಿಕ್ಕಿಗೆ ಬಂದಿದ್ದರು. "ಇದು ನಿನ್ನ ಹೊಟ್ಟೇಲೇ ಇರ್ಲಿ ಮಗಳೇ" ಎಂದು ಕೈ ಹಿಡಿದುಕೊಂಡಿದ್ದರು. ಮಾತು ಆಡಿದರೆ ಹೋಯಿತು. ಎಡಗಡೆಯ ಕುರ್ಚಿಗಳಲ್ಲಿ ತಲೆಗಳು ಒಂದರ ಕಡೆಗೊಂದು ಬಾಗಿದವು. ಕಿವಿಯಿಂದ ಕಿವಿಗೆ, ಸಾಲಿನಿಂದ ಸಾಲಿಗೆ ಪಿಸುಮಾತು ಹರಿಯಿತು. ಅವರ ಸಿಟ್ಟು ಹೊತ್ತಿಕೊಳ್ಳುವುದನ್ನು ಮೌನಿ ಕಣ್ಣಾರೆ ಕಂಡಳು.

ಮೊದಲು ಎದ್ದವರು ದೊಡ್ಡಮ್ಮನೇ. "ಥೂ, ವಿಷದ ಹುಳವೇ!"

ಆಮೇಲೆ ಕಟ್ಟೆ ಒಡೆಯಿತು. "ಮನೆಹಾಳಿ!" "ಉಂಡ ಮನೆಗೆ ಎರಡು ಬಗೆಯೋಳೇ!" "ಇವಳ್ನ ಎತ್ತಿ ಒಗೀರಿ!" ಡಾಕ್ಟರು ಕನ್ನಡಕ ತೆಗೆದು, "ಅಯೋಗ್ಯಳೇ!" ಎಂದು ಕೂಗಿದರು. ಅಮ್ಮ ಕೂಡ ಬಿಸಿನೀರಿನ ಚೀಲ ಝಳಪಿಸಿ, "ಯಾಕಾದ್ರೂ ಹುಟ್ಟಿದ್ಯೋ!" ಎಂದಳು. ಬಿಳಿ ಚಿಟ್ಟೆ ಗಾಳಿಯಲ್ಲಿ ಹಾರಿ ಬಂದು ಅವಳನ್ನು ಕೆಡವಿದಳು. ಮೌನಿ ಗದ್ದ ಒತ್ತಿ, ಉಸಿರು ಬಿಟ್ಟು, ಸದ್ದಾಗುವ ಹಾಗೆ ಬಿದ್ದಳು. ರೆಫರಿ ಸೋಲು ಎಣಿಸಿದ: ಒಂದು, ಎರಡು, ಮೂರು. ಬೆನ್ನಡಿಯ ಹಲಗೆ ಬೈಗುಳಕ್ಕೆ ನಡುಗುತ್ತಿತ್ತು.

ಪರದೆಯ ಹಿಂದೆ ಉಸ್ತಾದರು ಕಣ್ಣು ಒರೆಸಿಕೊಂಡರು. "ಮೂವತ್ತು ವರ್ಷದಲ್ಲಿ ಇಂಥ ಅಸಲಿ ಬೈಗುಳ ಕೇಳಿಲ್ಲಮ್ಮ. ನೀನು ತಂಡದವಳು."

ಮೌನಿ ತಲೆ ಆಡಿಸಿದಳು. ಬೇಕಾದ್ದು ಸಿಕ್ಕಿತ್ತು. ಅದಕ್ಕೆ ಬೆಲೆಯಾಗಿ ಒಂದು ಬೀದಿಯನ್ನು, ಒಂದು ಕೆಲಸವನ್ನು, ಒಬ್ಬ ತಾಯಿಯನ್ನು ತೆತ್ತಿದ್ದಳು. ತುಟಿಯ ಬಣ್ಣ ಒರೆಸದೆ, ಇನ್ನು ಯಾವ ಮನೆಗೆ ಹೋಗುವುದೆಂದು ತಿಳಿಯದೆ, ಹಿಂಬಾಗಿಲಿನಿಂದ ಹೊರಗೆ ಕಾಲಿಟ್ಟಳು.

ಹೊರಗೆ ಇಡೀ ಬೀದಿಯೇ ನಿಂತಿತ್ತು.

ಅವಳು ಹೊಡೆತಕ್ಕೆ ಸಿದ್ಧಳಾಗಿ ಗದ್ದವನ್ನು ಎದೆಗೆ ಒತ್ತಿಕೊಂಡಳು. ಅಷ್ಟರಲ್ಲಿ ಅಮ್ಮ ಓಡಿ ಬಂದು ಬಿಸಿನೀರಿನ ಚೀಲವನ್ನು ಅವಳ ಬೆನ್ನಿಗೆ ಒತ್ತಿದಳು. "ಸಾಕಾಯ್ತೇನೇ? ಚೆನ್ನಾಗಿ ಬೈದ್ವಾ?"

"ನನ್ನ ಗಂಟಲೇ ಹೋಯ್ತು" ಎಂದು ಟೈಲರ್ ಮಾವ ಸನ್ನೆಯಲ್ಲೇ ಹೇಳಿದರು.

"ಮಂಕೇ, ಬೈಬೇಕು ಅಂತ ಮೊದ್ಲೇ ಹೇಳ್ಬಾರ್ದಿತ್ತಾ?" ಎಕ್ಸ್‌ರೇ ಅವಳ ಹೆಗಲು ತಟ್ಟಿದಳು. "ನೀನು ಮೈಕು ಹಿಡಿದಾಗ ಪಕ್ಕದಲ್ಲಿ ಗಂಟೆ ಬಾರಿಸೋನನ್ನ ವಿಚಾರಿಸ್ದೆ. 'ಈ ಹುಡುಗಿಗೆ ಇವತ್ತು ಯಾರೂ ಬೈದಿಲ್ಲ ಅಂದ್ರೆ ಮನೆಗೆ ಕಳಿಸ್ತಾರಮ್ಮ' ಅಂದ. ತಕ್ಷಣ ಸಾಲಿನಿಂದ ಸಾಲಿಗೆ ಸುದ್ದಿ ದಾಟಿಸ್ದೆ. ಮೂವತ್ತೆಂಟು ಜನ! ಒಬ್ಬೊಬ್ರೂ ಎರಡೆರಡು ಆಳಿನಷ್ಟು ಕೂಗಿದೀವಿ."

"ಆ ಚಾಕೊಲೇಟಿನ ಕತೆ ಎಷ್ಟು ಚೆನ್ನಾಗಿ ಕಟ್ದೆ!" ಎಂದರು ಡಾಕ್ಟರು, ಜೇಬಿಗೆ ಕೈ ಹಾಕಿ ಕಾಗದದ ಸದ್ದು ಅಡಗಿಸುತ್ತ.

ಮೌನಿಯ ಹಿಂದೆ ಯಾರೋ ಕೆಮ್ಮಿದರು. ಉಸ್ತಾದರು ಬಾಗಿಲಲ್ಲಿ ನಿಂತಿದ್ದರು, ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ನೀವು ಮೂವತ್ತೆಂಟು" ಎಂದರು ನಿಧಾನವಾಗಿ. "ಬಲಗಡೆ ಕೂತಿದ್ದೋರು?"

"ಪಾಪ, ಅವರು ಬಾಯೇ ಬಿಡ್ಲಿಲ್ಲ ಸಾರ್" ಎಂದಳು ಎಕ್ಸ್‌ರೇ. "ಒಬ್ರಂತೂ ಕಣ್ಣು ಒರೆಸ್ಕೋತಿದ್ರು. ಆ ಹುಡುಗೀನ ಯಾಕೆ ಹೀಗೆಲ್ಲ ಬೈತೀರಿ ಅಂತ ನಮಗೇ ಗದರಿದ್ರು."

ಉಸ್ತಾದರು ಅಲ್ಲೇ ಬಗ್ಗಿ, ತಂಡ ಕೊಟ್ಟಿದ್ದ ಮೊಣಕಾಲಿನ ಮೆತ್ತೆಗಳನ್ನು ಮೌನಿಯ ಕಾಲಿನಿಂದ ಒಂದೊಂದಾಗಿ ಬಿಚ್ಚಿಕೊಂಡರು. ಗಾಯದ ಪಟ್ಟಿ ಬಿಚ್ಚುವಷ್ಟು ಮೃದುವಾಗಿತ್ತು ಅವರ ಕೈ. "ಹೊಲಿಗೆ ಒಳ್ಳೆ ವಿದ್ಯೆ ತಾಯಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಬೀದಿಯವರು ನಗುತ್ತಿದ್ದರು, ಒಬ್ಬರ ಬೈಗುಳವನ್ನು ಇನ್ನೊಬ್ಬರು ಅಣಕಿಸುತ್ತಿದ್ದರು. ದೊಡ್ಡಮ್ಮ ಮಾತ್ರ ಸ್ವಲ್ಪ ದೂರದಲ್ಲಿ ನಿಂತಿದ್ದರು. ಅವರೂ ನಗುತ್ತಿದ್ದರು. ಆದರೆ ಬಾಯಿಗೆ ಅಡ್ಡ ಹಿಡಿದ ಕೈ ಕೆಳಗಿಳಿಯುತ್ತಿರಲಿಲ್ಲ. ಮೌನಿಗೆ ಹೇಳಬೇಕಾದ್ದು ಬೆಟ್ಟದಷ್ಟಿತ್ತು; ಮೈಕಿನೆದುರು ಬಂದ ದನಿ ಈಗ ಬರಲಿಲ್ಲ.

ದೊಡ್ಡಮ್ಮನೇ ಹತ್ತಿರ ಬಂದರು. ಇನ್ನೊಂದು ಕೈಯಿಂದ ಕಣ್ಣೀರಿನೊಂದಿಗೆ ಅವಳ ಕೆನ್ನೆಗೆ ಇಳಿದ ಕಾಡಿಗೆ ಒರೆಸಿ, ಬಾಯಿಗೆ ಅಡ್ಡ ಹಿಡಿದ ಬೆರಳುಗಳ ಹಿಂದಿನಿಂದಲೇ ಹೇಳಿದರು:

"ಅಳಬೇಡ ಮಗಳೇ. ನಿಮ್ಮ ಉಸ್ತಾದರನ್ನ ಇನ್ನೊಂದು ಸಲ ಕೇಳಿ ನೋಡು. ಮುಂದಿನ ವಾರ ಇನ್ನೂ ಜೋರಾಗಿ ಬೈತೀವಿ."