ಅತ್ತೆಯ ಒಂಬತ್ತು ನಿಮಿಷ

ನಮ್ಮ ಸೋದರತ್ತೆಯ ಮನೆಗೆ ಯಾರು ಬೇಕಾದರೂ ಹೋಗಬಹುದು. ಪಾಠ ಕೇಳದೆ ವಾಪಸ್ಸು ಬರುವುದು ಮಾತ್ರ ಸಾಧ್ಯವಿಲ್ಲ! ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ, ಬಸವೇಶ್ವರನಗರದ ಮಹಡಿ ಮನೆಯಲ್ಲಿ ಒಬ್ಬರೇ ಇದ್ದುಕೊಂಡು ಒಂದು ವಿಡಿಯೊ ಚಾನೆಲ್ ಶುರುಮಾಡಿದ್ದಾರೆ. ವಿಜ್ಞಾನಿಗಳ ಸಂಶೋಧನಾ ಲೇಖನಗಳನ್ನು ಓದಿ, ನಮ್ಮಂಥವರ ತಲೆಗೆ ಹೋಗುವಂತೆ ಕನ್ನಡದಲ್ಲಿ ಹೇಳುವುದು ಅವರ ಉದ್ದೇಶ. ಹೋಯಿತೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ಅವರ ಹುಚ್ಚು.

ಪರೀಕ್ಷೆಗೆ ಸಿಗುವವರು ಯಾರು? ಬಾಗಿಲಿಗೆ ಬಂದವರು! ಗ್ಯಾಸ್ ಸಿಲಿಂಡರ್ ತಂದವರು ಜೇನುಹುಳುಗಳ ಕುಣಿತದ ಬಗ್ಗೆ ಕೇಳಿಸಿಕೊಂಡೇ ಮೆಟ್ಟಿಲಿಳಿಯಬೇಕು. ನೀರಿನ ಮೀಟರ್ ನೋಡುವಾತ ಈಗೀಗ ಗೇಟಿನಾಚೆಯಿಂದಲೇ ಕತ್ತು ಚಾಚಿ ಓದಿಕೊಂಡು ಪರಾರಿಯಾಗುತ್ತಾನೆ.

ಒಮ್ಮೆ ನಾನಿದ್ದಾಗಲೇ ತರಕಾರಿ ಪಾರ್ಸೆಲ್ ಬಂತು. ತಂದವರು ಗದಗದ ಕಡೆಯವರು, ಮೀಸೆ ನರೆತಿತ್ತು.

"ಓಟಿಪಿ ಹೇಳ್ರೀ ಅಕ್ಕಾರ."

"ಹೇಳ್ತೀನಿ. ಮೊದಲು ಈ ವಿಡಿಯೊ ಎರಡು ನಿಮಿಷ ನೋಡಿ, ಏನು ಅರ್ಥ ಆಯ್ತು ಅಂತ ಹೇಳಿ," ಎಂದರು ಅತ್ತೆ.

ನನಗೋ ನಾಚಿಕೆ! ಆ ಮನುಷ್ಯ ಹೆಲ್ಮೆಟ್ ತೆಗೆದು, ನಗರದ ಹಕ್ಕಿಗಳ ಹಾಡಿನ ಸಂಶೋಧನೆಯನ್ನು ಶ್ರದ್ಧೆಯಿಂದ ನೋಡಿದರು.

"ಗಾಡಿ ಸಪ್ಪಳದಾಗ ತನ್ನ ಹಾಡು ಕೇಳಿಸ್ಲಿ ಅಂತ ಹಕ್ಕಿ ದನಿ ಏರಸ್ತೈತ್ರೀ. ನಾನೂ ರಸ್ತೆದಾಗ ನಿಂತು ಮನಿಗೆ ಫೋನ್ ಹಚ್ಚಿದ್ರ ಹಂಗ ಒದರ್ತೇನ್ರೀ!"

"ನೂರಕ್ಕೆ ತೊಂಬತ್ತು! ಜೋರು ಬೇರೆ, ಎತ್ತರದ ಸ್ವರ ಬೇರೆ. ಅದಕ್ಕೆ ಹತ್ತು ಕಳೆದೆ," ಎಂದು ಅತ್ತೆ ಓಟಿಪಿಯ ಜೊತೆಗೆ ಎರಡು ಕೋಡುಬಳೆಯನ್ನೂ ಕೊಟ್ಟರು.

ಅವರು ಹೋದಮೇಲೆ ನಾನು ರೇಗಿಸಿದೆ. "ಅತ್ತೆ, ಪಾಪ, ಹೊರಗಿನವರನ್ನ ಯಾಕೆ ಹಿಡೀತೀರಿ? ಫ್ಯಾಮಿಲಿ ಗ್ರೂಪಲ್ಲಿ ನಾವೆಲ್ಲ ನೋಡ್ತೀವಲ್ಲ!"

"ನೋಡ್ತೀಯಾ? ಮೊನ್ನೆ ಇದೇ ವಿಡಿಯೊ ಹಾಕಿದ ಒಂದೇ ನಿಮಿಷಕ್ಕೆ ಹೆಬ್ಬೆಟ್ಟು ಒತ್ತಿದೀಯ. ಇದು ಒಂಬತ್ತು ನಿಮಿಷದ್ದು ಕಣೋ."

ಸಿಕ್ಕಿಬಿದ್ದೆ! ಆದರೆ ಅವರು ಬಯ್ಯಲಿಲ್ಲ. ಯಾವ ನಿಮಿಷದವರೆಗೆ ಎಷ್ಟು ಜನ ನೋಡಿದರು ಎಂಬುದರ ಗೆರೆಯೊಂದನ್ನು ಫೋನಿನಲ್ಲಿ ತೋರಿಸಿದರು. ಮೂರನೇ ನಿಮಿಷಕ್ಕೇ ಅದು ನೆಲ ಕಚ್ಚಿತ್ತು. "ಕೊನೇವರೆಗೆ ಒಬ್ಬರೂ ಬಂದಿಲ್ಲ ನೋಡು," ಎಂದು ಫೋನನ್ನು ನನ್ನ ಕೈಗಿಟ್ಟು, ತರಕಾರಿ ಎತ್ತಿಕೊಂಡು ಅಡುಗೆಮನೆಗೆ ಹೋದರು. ನನಗೆ ತುಂಬ ಕಸಿವಿಸಿಯಾಯಿತು.

ಸೋಫಾದಲ್ಲಿ ಕೂತು ವಿಡಿಯೊವನ್ನು ಮೊದಲಿನಿಂದ ನೋಡತೊಡಗಿದೆ. ಎಂಟನೇ ನಿಮಿಷಕ್ಕೆ ಪಾಠ ಮುಗಿಯಿತು. ಆಮೇಲೂ ಅತ್ತೆ ಪರದೆಯ ಮೇಲೆ ಹಾಗೇ ಕೂತಿದ್ದರು. ಮಾತಿಲ್ಲ. ಕನ್ನಡಕ ಸರಿಮಾಡಿಕೊಂಡರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿದರು.

"ಅತ್ತೆ, ಕೊನೇ ಒಂದು ನಿಮಿಷ ಕಟ್ ಮಾಡೋದು ಮರೆತಿದೀರಿ!" ಎಂದು ಕೂಗಿದೆ.

"ಮರೆತಿಲ್ಲಪ್ಪ," ಅಡುಗೆಮನೆಯಿಂದ ಉತ್ತರ ಬಂತು. "ಅದು ಪ್ರಶ್ನೆ ಕೇಳೋರಿಗೆ ಅಂತ ಬಿಟ್ಟಿರೋ ಟೈಮು. ಕ್ಲಾಸಲ್ಲೂ ಹಾಗೇ ಬಿಡ್ತಿದ್ದೆ. ಎಲ್ಲಾ ವಿಡಿಯೊದಲ್ಲೂ ಇದೆ."

ಎಲ್ಲ ವಿಡಿಯೊಗಳಲ್ಲೂ! ಪ್ರತಿ ಸಲವೂ ಆ ಒಂದು ನಿಮಿಷ ಅವರು ಹೀಗೆ ಒಬ್ಬರೇ ಕಾದಿದ್ದಾರೆ. ನಲವತ್ತೆರಡು ವರ್ಷದ ನಾನು, ಕೂತಲ್ಲೇ ಕೈ ಎತ್ತಿದೆ.

ಹೊರಗೆ ಬಂದ ಅತ್ತೆ ಅದನ್ನು ನೋಡಿ ನಿಂತರು. ಕೈಯಲ್ಲಿದ್ದ ಕೊತ್ತಂಬರಿ ಸೊಪ್ಪನ್ನು ಟೀಪಾಯಿಯ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, "ಹೂಂ... ಕೇಳಪ್ಪ," ಎಂದರು.